ಸಾಗರದ ದೀರ್ಘಾವಧಿ ಆಂದೋಲನಗಳು ಮತ್ತು ಧ್ರುವ ಪ್ರದೇಶದ ವಾಯುಗುಣ

ಪೀಠಿಕೆ

ಉತ್ತರ ಧ್ರುವ ಪ್ರದೇಶವು ಕಳೆದ ಸುಮಾರು ನೂರು ವರ್ಷಗಳಲ್ಲಿ ಎರಡು ಬಾರಿ ಗಮನಾರ್ಹವಾಗಿ ಬೆಚ್ಚಗಾಗಿದೆ. ಮೊದಲನೆಯ ತಾಪನವು 1920ರ ಆಸುಪಾಸಿನಲ್ಲಿ ಆರಂಭವಾಗಿ 1940ರ ದಶಕದವರೆಗೆ ನಡೆಯಿತು. ಎರಡನೆಯದು 1980ರ ದಶಕದಲ್ಲಿ ಆರಂಭವಾಗಿ ಇಂದಿಗೂ ಮುಂದುವರಿದಿದೆ. ಇವೆರಡರ ನಡುವಣ ದಶಕಗಳಲ್ಲಿ ಶೈತ್ಯವು ಮರಳಿ ಬಂದಿತ್ತು. ಐಸ್‌ಲೆಂಡಿನ ಉತ್ತರ ತೀರದವರೆಗೂ ತೇಲುವ ಹಿಮ ಬಂದು ಮುಟ್ಟಿತ್ತು. ವಾಯುಮಂಡಲದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣವು ದೀರ್ಘಕಾಲದಿಂದ ಏರುಮುಖವಾಗಿರುವಾಗ, ಧ್ರುವ ಪ್ರದೇಶದ ಉಷ್ಣಾಂಶವು ಏರಿ, ಇಳಿದು, ಮತ್ತೆ ಏರಿದ್ದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಅವಸರದ ಉತ್ತರಗಳು ಎರಡು. ಇದೆಲ್ಲವೂ ನಿಸರ್ಗದ ಚಕ್ರವೇ ಆಗಿದ್ದು, ಕರಗಿದ ಹಿಮ ತಾನಾಗಿಯೇ ಮರಳುವುದು ಎಂಬುದು ಒಂದು. ಧ್ರುವ ಪ್ರದೇಶದಲ್ಲಿ ಕಾಣುವ ಪ್ರತಿಯೊಂದು ಬದಲಾವಣೆಗೂ ಮಾನವನೇ ನೇರ ಕಾರಣ ಎಂಬುದು ಇನ್ನೊಂದು. ಎರಡೂ ಉತ್ತರಗಳು ಸಾಗರವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಾಗರದ ನಿಧಾನವಾದ ಏರಿಳಿತಗಳು ಧ್ರುವ ಪ್ರದೇಶದ ತಾಪನವನ್ನು ದಶಕಗಳ ಕಾಲ ತ್ವರಿತಗೊಳಿಸಬಲ್ಲವು, ದಶಕಗಳ ಕಾಲ ಮರೆಮಾಡಬಲ್ಲವು. ಆದರೆ ಏರಿಳಿತವು ಮರಳಿ ಮೊದಲ ಸ್ಥಿತಿಗೆ ಬಂದರೂ ಅದರ ಪ್ರಭಾವಕ್ಕೆ ಒಳಗಾದ ಹಿಮವು ಮರಳಿ ಬರುತ್ತದೆಯೆಂಬ ಭರವಸೆಯಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಗ್ರಹಿಸುವುದು ಹೇಗೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಉತ್ತರ ಅಟ್ಲಾಂಟಿಕ್ ಸಾಗರ ಮತ್ತು ಅದಕ್ಕೆ ತಾಗಿದ ಆರ್ಕ್ಟಿಕ್ ಭಾಗವನ್ನು ಮುಖ್ಯ ನಿದರ್ಶನವನ್ನಾಗಿ ಆರಿಸಿಕೊಂಡು, ಪೆಸಿಫಿಕ್ ಸಾಗರವನ್ನೂ ದಕ್ಷಿಣ ಧ್ರುವವನ್ನೂ ಹೋಲಿಕೆಗಾಗಿ ಪರಿಶೀಲಿಸಲಾಗಿದೆ.

ಸಾಗರದ ನೆನಪು

ಸಾಗರದ ಮೇಲ್ಪದರದ ಸುಮಾರು 3 ಮೀಟರ್ ಆಳದ ನೀರಿನ ಶಾಖಧಾರಣ ಸಾಮರ್ಥ್ಯವು ಇಡೀ ವಾಯುಮಂಡಲದ ಶಾಖಧಾರಣ ಸಾಮರ್ಥ್ಯಕ್ಕೆ ಸಮಾನವಾದುದು. ಆದುದರಿಂದ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಅಳಿದುಹೋಗುವ ಬದಲಾವಣೆಯು ನೀರಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಆಳದ ಪ್ರವಾಹಗಳಲ್ಲಿ ಸೇರಿಕೊಂಡ ಬದಲಾವಣೆಯು ದಶಕಗಳ ಅನಂತರ ಬೇರೊಂದು ಅಕ್ಷಾಂಶದಲ್ಲಿ ಪ್ರಕಟವಾಗಬಹುದು. ವಾಯುಗುಣ ವಿಜ್ಞಾನಿಗಳು ಇದನ್ನು ಸಾಗರದ ನೆನಪು ಎಂದು ಕರೆಯುತ್ತಾರೆ.

ಈ ನೆನಪಿನಿಂದಲೇ ದೀರ್ಘಾವಧಿಯ ಏರಿಳಿತಗಳು ಹುಟ್ಟಬಲ್ಲವೆಂಬುದನ್ನು ಜರ್ಮನಿಯ ಕ್ಲಾಸ್ ಹಾಸೆಲ್ಮನ್ 1976ರಲ್ಲಿ ಗಣಿತದ ಮೂಲಕ ತೋರಿಸಿದರು. 2021ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಅವರ ವಾದವನ್ನು ನಮ್ಮ ಊರಿನ ಕೆರೆಯ ನಿದರ್ಶನದಿಂದ ಅರ್ಥಮಾಡಿಕೊಳ್ಳಬಹುದು. ಮಳೆಯು ಒಂದು ದಿನ ಸುರಿಯುತ್ತದೆ, ಮರುದಿನ ಬಿಡುತ್ತದೆ. ಅದರಲ್ಲಿ ಯಾವ ಕ್ರಮವೂ ಇಲ್ಲ. ಆದರೆ ಕೆರೆಯ ನೀರಿನ ಮಟ್ಟವು ದಿನದಿನಕ್ಕೆ ಕುಪ್ಪಳಿಸುವುದಿಲ್ಲ. ಕಳೆದ ಎಷ್ಟೋ ಮಳೆಗಳ ಮೊತ್ತವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಅಂತೆಯೇ ದಿನನಿತ್ಯದ ಕ್ರಮರಹಿತ ಹವೆಯ ಬದಲಾವಣೆಗಳನ್ನು ಸಾಗರವು ಕೂಡಿಸಿಕೊಳ್ಳುತ್ತಾ ಹೋಗಿ ದಶಕಗಳ ಏರಿಳಿತಗಳನ್ನಾಗಿ ಮಾರ್ಪಡಿಸುತ್ತದೆ. ಇಂತಹ ಏರಿಳಿತಕ್ಕೆ ಗಡಿಯಾರದಂತಹ ನಿಶ್ಚಿತ ಅವಧಿ ಇರಬೇಕಾಗಿಲ್ಲ. ಸಾಗರದ 'ಚಕ್ರ' ಎಂಬ ಪದವನ್ನು ಬಳಸುವಾಗಲೆಲ್ಲ ಈ ಎಚ್ಚರಿಕೆ ಅಗತ್ಯ.

ನಾರ್ವೆ ಮೂಲದ ಪವನ ವಿಜ್ಞಾನಿ ಜೇಕಬ್ ಬ್ಯರ್ಕ್‌ನೆಸ್ 1964ರಲ್ಲಿ ಇದಕ್ಕೆ ಇನ್ನೊಂದು ಮುಖ್ಯ ಅಂಶವನ್ನು ಸೇರಿಸಿದ್ದರು. ಉತ್ತರ ಅಟ್ಲಾಂಟಿಕ್‌ನ ಮೇಲ್ಮೈ ಉಷ್ಣಾಂಶದಲ್ಲಿ ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆಗಳಿಗೆ ಗಾಳಿ ಕಾರಣ. ದಶಕಗಳ ಮಟ್ಟದ ಬದಲಾವಣೆಗಳಿಗೆ ಸಾಗರ ಪ್ರವಾಹಗಳು ಹೊತ್ತು ತರುವ ಶಾಖ ಕಾರಣ ಎಂಬುದು ಅವರ ಪ್ರತಿಪಾದನೆ. ಇಂದಿನ ಚರ್ಚೆಗಳಿಗೂ ಈ ಭೇದವೇ ತಳಹದಿಯಾಗಿದೆ.

ಆರ್ಕ್ಟಿಕ್ ಸಾಗರದ ಹೆಬ್ಬಾಗಿಲುಗಳು

ಆರ್ಕ್ಟಿಕ್ ಸಾಗರವು ಬಹುಮಟ್ಟಿಗೆ ಭೂಖಂಡಗಳಿಂದ ಸುತ್ತುವರಿದ ಜಲರಾಶಿ. ಪೆಸಿಫಿಕ್ ಸಾಗರದ ಕಡೆಗೆ ಅದಕ್ಕಿರುವ ಬೇರಿಂಗ್ ಜಲಸಂಧಿಯು ಸುಮಾರು 85 ಕಿಲೋಮೀಟರ್ ಅಗಲ, ಸುಮಾರು 50 ಮೀಟರ್ ಆಳವಿರುವ ಕಿರಿದಾದ ದ್ವಾರ. ಅಟ್ಲಾಂಟಿಕ್ ಸಾಗರದ ಕಡೆಗಿನ ದ್ವಾರಗಳು ಬಹಳ ವಿಶಾಲವಾದವು. ಗ್ರೀನ್‌ಲೆಂಡ್ ಮತ್ತು ಸ್ವಾಲ್‌ಬಾರ್ಡ್ ದ್ವೀಪಸಮೂಹದ ನಡುವಣ ಫ್ರಾಮ್ ಜಲಸಂಧಿಯ ಆಳ ಎರಡೂವರೆ ಸಾವಿರ ಮೀಟರನ್ನು ಮೀರುತ್ತದೆ. ಅದರ ಪೂರ್ವಕ್ಕೆ ಆಳ ಕಡಿಮೆಯಿದ್ದರೂ ವಿಸ್ತಾರವಾದ ಬ್ಯಾರೆಂಟ್ಸ್ ಸಮುದ್ರವಿದೆ. ಉಷ್ಣವಲಯದಿಂದ ಹೊರಟ ಗಲ್ಫ್ ಪ್ರವಾಹದ ಉತ್ತರದ ಕವಲುಗಳು ಈ ಎರಡು ದಾರಿಗಳಿಂದ ಆರ್ಕ್ಟಿಕ್ ಸಾಗರವನ್ನು ಪ್ರವೇಶಿಸುತ್ತವೆ. ಅಟ್ಲಾಂಟಿಕ್‌ನಲ್ಲಾಗುವ ಬದಲಾವಣೆಗೆ ಆರ್ಕ್ಟಿಕ್‌ನ ಈ ಪಾರ್ಶ್ವವು ಮೊದಲು ಸ್ಪಂದಿಸುವುದಕ್ಕೆ ಕಾರಣ ಇದೇ.

ಒಳಗೆ ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ಕಂಡವರು ನಾರ್ವೆಯ ಫ್ರಿತ್ಯೋಫ್ ನಾನ್ಸೆನ್. 1893ರಿಂದ 1896ರವರೆಗೆ 'ಫ್ರಾಮ್' ಹಡಗನ್ನು ಹಿಮದಲ್ಲಿ ಸಿಲುಕಿಸಿ ತೇಲಿಬಿಟ್ಟ ಅವರ ಯಾತ್ರೆಯಲ್ಲಿ, ಮೇಲಿನ ತಣ್ಣನೆಯ ಪದರದ ಕೆಳಗೆ ಅದಕ್ಕಿಂತ ಬೆಚ್ಚನೆಯ, ಹೆಚ್ಚು ಉಪ್ಪಾದ ಪದರವೊಂದು ಇರುವುದು ಅಳತೆಗಳಿಂದ ತಿಳಿದುಬಂದಿತು. ಅದು ಅಟ್ಲಾಂಟಿಕ್‌ನಿಂದ ಬಂದ ನೀರು. ಲವಣಾಂಶ ಹೆಚ್ಚಿರುವುದರಿಂದ ಅದರ ಸಾಂದ್ರತೆಯೂ ಹೆಚ್ಚು; ಆದುದರಿಂದಲೇ ಬೆಚ್ಚಗಿದ್ದರೂ ಅದು ಕೆಳಗೆ ಉಳಿಯುತ್ತದೆ. ಈ ಪದರದಲ್ಲಿರುವ ಶಾಖವು ಆರ್ಕ್ಟಿಕ್‌ನ ಸಾಗರ ಹಿಮವನ್ನೆಲ್ಲ ಕರಗಿಸಲು ಸಾಕಾಗುವಷ್ಟಿದೆ. ಅದನ್ನು ಹಿಮದಿಂದ ಬೇರ್ಪಡಿಸಿರುವುದು ನಡುವೆ ಇರುವ, ಲವಣಾಂಶ ಕಡಿಮೆಯಿರುವ ತಣ್ಣನೆಯ ಪದರ ಮಾತ್ರ. ಧ್ರುವ ಪ್ರದೇಶದ ವಾಯುಗುಣವು ಈ ತೆಳುವಾದ ತೆರೆಯ ದೃಢತೆಯನ್ನು ಅವಲಂಬಿಸಿದೆಯೆಂದರೆ ತಪ್ಪಾಗಲಾರದು.

ಅಟ್ಲಾಂಟಿಕ್ ಬಹುದಶಕೀಯ ಆಂದೋಲನ

ಉತ್ತರ ಅಟ್ಲಾಂಟಿಕ್ ಸಾಗರದ ಮೇಲ್ಮೈ ಉಷ್ಣಾಂಶದ ದಾಖಲೆಗಳಿಂದ ದೀರ್ಘಕಾಲಿಕ ತಾಪನವನ್ನು ಕಳೆದು ನೋಡಿದಾಗ, ಸುಮಾರು 60ರಿಂದ 70 ವರ್ಷಗಳ ಅಂತರದ ಒಂದು ಏರಿಳಿತವು ಕಾಣಸಿಗುತ್ತದೆ. 1994ರಲ್ಲಿ ಶ್ಲೆಸಿಂಜರ್ ಮತ್ತು ನವೀನ್ ರಾಮನ್‌ಕುಟ್ಟಿ ಇಂತಹ ಏರಿಳಿತವನ್ನು ವಾಯುಗುಣದ ದಾಖಲೆಗಳಲ್ಲಿ ಗುರುತಿಸಿದರು. 2000ದಿಂದ ಈಚೆಗೆ ಅದಕ್ಕೆ 'ಅಟ್ಲಾಂಟಿಕ್ ಬಹುದಶಕೀಯ ಆಂದೋಲನ' ಎಂಬ ಹೆಸರು ರೂಢಿಗೆ ಬಂದಿತು. 1930ರ ಸುಮಾರಿನಿಂದ 1960ರ ದಶಕದ ಆರಂಭದವರೆಗೆ ಉಷ್ಣ ಹಂತ, ಅಲ್ಲಿಂದ 1990ರ ದಶಕದ ನಡುವಿನವರೆಗೆ ಶೀತ ಹಂತ, ತದನಂತರ ಮತ್ತೆ ಉಷ್ಣ ಹಂತ ಎಂಬುದು ಅದರ ಸ್ಥೂಲ ಚಿತ್ರ. ಇಡೀ ಉತ್ತರ ಅಟ್ಲಾಂಟಿಕ್‌ನ ಸರಾಸರಿಯಲ್ಲಿ ಈ ವ್ಯತ್ಯಾಸವು ಡಿಗ್ರಿಯ ಕೆಲವೇ ದಶಾಂಶಗಳಷ್ಟು. ಸಂಖ್ಯೆ ಚಿಕ್ಕದಾದರೂ ಅದು ಪ್ರತಿನಿಧಿಸುವ ಶಾಖದ ಮೊತ್ತ ಅಪಾರವಾದುದು.

ಈ ಏರಿಳಿತದ ಹಿಂದಿರುವ ಪ್ರಮುಖ ವ್ಯವಸ್ಥೆಯೆಂದರೆ ಅಟ್ಲಾಂಟಿಕ್‌ನ ಲಂಬ ಪರಿಚಲನೆ. ಮೇಲ್ಮೈಯ ಬೆಚ್ಚನೆಯ ನೀರು ಉತ್ತರಕ್ಕೆ ಹರಿದು, ಗ್ರೀನ್‌ಲೆಂಡಿನ ಆಸುಪಾಸಿನಲ್ಲಿ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ತಣ್ಣಗಾಗಿ, ಭಾರವಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ 2004ರಿಂದ ನಡೆದಿರುವ ನಿರಂತರ ಅಳತೆಗಳ ಪ್ರಕಾರ ಈ ಪರಿಚಲನೆಯ ಪ್ರಮಾಣ ಸೆಕೆಂಡಿಗೆ ಸರಾಸರಿ ಸುಮಾರು 1.7 ಕೋಟಿ ಘನ ಮೀಟರ್. ಪರಿಚಲನೆ ಬಲಗೊಂಡಾಗ ಉತ್ತರಕ್ಕೆ ತಲುಪುವ ಶಾಖ ಹೆಚ್ಚುತ್ತದೆ, ದುರ್ಬಲಗೊಂಡಾಗ ಕಡಿಮೆಯಾಗುತ್ತದೆ.

ಗಾಳಿಯ ಪಾತ್ರವೂ ಇಲ್ಲಿದೆ. ಐಸ್‌ಲೆಂಡಿನ ಬಳಿಯ ಕಡಿಮೆ ಒತ್ತಡ ಮತ್ತು ಅಜೋರ್ಸ್ ದ್ವೀಪಗಳ ಬಳಿಯ ಅಧಿಕ ಒತ್ತಡಗಳ ನಡುವಣ ವ್ಯತ್ಯಾಸವು ಹೆಚ್ಚು ಕಡಿಮೆಯಾಗುವುದನ್ನು 'ಉತ್ತರ ಅಟ್ಲಾಂಟಿಕ್ ಆಂದೋಲನ' ಎನ್ನುತ್ತಾರೆ. ಡೆನ್ಮಾರ್ಕಿನಲ್ಲಿ ಚಳಿಗಾಲ ಕಠಿಣವಾದಾಗ ಗ್ರೀನ್‌ಲೆಂಡಿನಲ್ಲಿ ಸೌಮ್ಯವಾಗಿಯೂ, ಅಲ್ಲಿ ಸೌಮ್ಯವಾದಾಗ ಇಲ್ಲಿ ಕಠಿಣವಾಗಿಯೂ ಇರುವುದನ್ನು 1770ರ ದಶಕದಲ್ಲಿ ಗ್ರೀನ್‌ಲೆಂಡಿನಲ್ಲಿದ್ದ ಪಾದ್ರಿ ಹಾನ್ಸ್ ಎಗೆಡೆ ಸಾಬೈ ತಮ್ಮ ದಿನಚರಿಯಲ್ಲಿ ಗುರುತಿಸಿದ್ದರು. ಒತ್ತಡದ ವ್ಯತ್ಯಾಸ ಹೆಚ್ಚಾದ ಚಳಿಗಾಲಗಳಲ್ಲಿ ಲ್ಯಾಬ್ರಡಾರ್ ಸಮುದ್ರದ ಮೇಲೆ ಶೀತಲವಾದ ಬಿರುಗಾಳಿ ಬೀಸಿ ನೀರು ಆಳಕ್ಕೆ ಮುಳುಗುತ್ತದೆ. ಇಂತಹ ಚಳಿಗಾಲಗಳು ಒಂದಾದ ಮೇಲೊಂದು ಬಂದಾಗ ಲಂಬ ಪರಿಚಲನೆ ಬಲಗೊಂಡು, ಕೆಲವು ವರ್ಷಗಳ ತರುವಾಯ ಉತ್ತರಕ್ಕೆ ಹೆಚ್ಚು ಶಾಖ ತಲುಪುತ್ತದೆ. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದ ಕಠಿಣ ಚಳಿಗಾಲಗಳು 1995ರ ನಂತರದ ಉಷ್ಣ ಹಂತಕ್ಕೆ ದಾರಿಮಾಡಿಕೊಟ್ಟವೆಂದು ಅನೇಕ ಸಾಗರ ವಿಜ್ಞಾನಿಗಳು ಭಾವಿಸುತ್ತಾರೆ. ಇಂದಿನ ಶೈತ್ಯವೇ ನಾಳಿನ ಉಷ್ಣತೆಗೆ ಕಾರಣವಾಗುವ ಈ ವಿಚಿತ್ರ ಸಂಬಂಧವು ಸಾಗರದ ನೆನಪಿಗೆ ಉತ್ತಮ ನಿದರ್ಶನ.

ಮೊದಲನೆಯ ತಾಪನ: 1920–1940

ಬ್ಯಾರೆಂಟ್ಸ್ ಸಮುದ್ರದ ಕೋಲಾ ರೇಖೆಯಲ್ಲಿ 1900ರಿಂದ ಉಷ್ಣಾಂಶದ ಅಳತೆಗಳು ಆರಂಭವಾಗಿದ್ದವು. 1921ರಲ್ಲಿ ರಷ್ಯಾದ ನಿಕೊಲಾಯ್ ಕ್ನಿಪೊವಿಚ್ ಮರಳಿ ಅಲ್ಲಿ ಅಳತೆ ನಡೆಸಿದಾಗ ನೀರು ಶತಮಾನದ ಆರಂಭದಲ್ಲಿದ್ದುದಕ್ಕಿಂತ ಸ್ಪಷ್ಟವಾಗಿ ಬೆಚ್ಚಗಾಗಿರುವುದು ಕಂಡುಬಂದಿತು. ಅದೇ ಕಾಲದಲ್ಲಿ ಸ್ವಾಲ್‌ಬಾರ್ಡಿನ ಚಳಿಗಾಲಗಳು ಸೌಮ್ಯವಾದವು. ಶತಮಾನದ ಆರಂಭದಲ್ಲಿ ಅಲ್ಲಿಂದ ಕಲ್ಲಿದ್ದಲನ್ನು ಹಡಗುಗಳಲ್ಲಿ ಸಾಗಿಸಲು ವರ್ಷಕ್ಕೆ ಸುಮಾರು 3 ತಿಂಗಳು ಮಾತ್ರ ಅವಕಾಶವಿತ್ತು. 1930ರ ದಶಕದ ಕೊನೆಯ ಹೊತ್ತಿಗೆ ಅದು ಸುಮಾರು 7 ತಿಂಗಳಿಗೆ ವಿಸ್ತರಿಸಿತ್ತು. ಸ್ವೀಡನ್ನಿನ ಭೂಗೋಳ ವಿಜ್ಞಾನಿ ಹಾನ್ಸ್ ಆಲ್ಮನ್ ಹಿಮನದಿಗಳ ಹಿಂಜರಿತದ ಜೊತೆಗೆ ಇಂತಹ ಸಂಗತಿಗಳನ್ನೂ ಸಂಗ್ರಹಿಸಿ ಧ್ರುವ ಪ್ರದೇಶದ ತಾಪನದ ಕಡೆಗೆ ಲೋಕದ ಗಮನ ಸೆಳೆದರು.

ಇದರ ಪರಿಣಾಮ ಜನಜೀವನದ ಮೇಲೆ ಆದದ್ದು ಗ್ರೀನ್‌ಲೆಂಡಿನ ಪಶ್ಚಿಮ ತೀರದಲ್ಲಿ. ಅಲ್ಲಿಯ ಸಮುದ್ರ ಬೆಚ್ಚಗಾದಂತೆ ಅಟ್ಲಾಂಟಿಕ್‌ನ ಕಾಡ್ ಮೀನು ವರ್ಷದಿಂದ ವರ್ಷಕ್ಕೆ ಉತ್ತರಕ್ಕೆ ಹರಡಿತು. ಸೀಲ್ ಬೇಟೆಯನ್ನು ನೆಚ್ಚಿಕೊಂಡಿದ್ದ ಸಮುದಾಯಗಳು ಕ್ರಮೇಣ ಮೀನುಗಾರಿಕೆಗೆ ತಿರುಗಿದವು. ದಡದಲ್ಲಿ ಮೀನು ಸಂಸ್ಕರಣೆಯ ಕೇಂದ್ರಗಳು ಎದ್ದವು. 1960ರ ದಶಕದ ಆರಂಭದಲ್ಲಿ ಅನೇಕ ದೇಶಗಳ ಹಡಗುಗಳು ಸೇರಿ ಆ ನೀರಿನಲ್ಲಿ ವರ್ಷಕ್ಕೆ 4 ಲಕ್ಷ ಟನ್‌ಗಳಿಗೂ ಹೆಚ್ಚು ಕಾಡ್ ಹಿಡಿಯುತ್ತಿದ್ದವು. ಅನಂತರ ಸಮುದ್ರ ತಣ್ಣಗಾಯಿತು, ಹಿಡಿಯುವಿಕೆ ಮಿತಿಮೀರಿತು. ಒಂದೇ ದಶಕದೊಳಗೆ ಆ ಸಂಪತ್ತು ಕುಸಿಯಿತು. ಸಾಗರದ ಒಂದು ಹಂತವನ್ನೇ ಶಾಶ್ವತವೆಂದು ನಂಬಿ ಕಟ್ಟಿದ ಬದುಕು ಎಷ್ಟು ಅಸ್ಥಿರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಮುಂದೆ ಅಲ್ಲಿಯ ಆರ್ಥಿಕತೆ ತಣ್ಣೀರಿನ ಸೀಗಡಿಯನ್ನು ಆಧರಿಸಬೇಕಾಯಿತು.

ಈ ತಾಪನಕ್ಕೆ ಕಾರಣಗಳು ಅನೇಕ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಎರಡೂ ಸಾಗರಗಳು ಒಂದೇ ಕಾಲದಲ್ಲಿ ಉಷ್ಣ ಹಂತಕ್ಕೆ ತಿರುಗಿದ್ದು ಅದನ್ನು ತೀವ್ರಗೊಳಿಸಿತೆಂದು ಹಿರೋಕಿ ತೊಕಿನಾಗ ಮತ್ತು ಅವರ ಸಂಗಡಿಗರು 2017ರಲ್ಲಿ ತೋರಿಸಿದ್ದಾರೆ. ಇದರೊಂದಿಗೆ, 1912ರ ನಂತರ ಹಲವು ದಶಕಗಳ ಕಾಲ ಬೃಹತ್ ಜ್ವಾಲಾಮುಖಿ ಸ್ಫೋಟಗಳು ವಿರಳವಾಗಿದ್ದುದರಿಂದ ಸೂರ್ಯನ ಬೆಳಕನ್ನು ತಡೆಯುವ ಕಣಗಳು ವಾಯುಮಂಡಲದಲ್ಲಿ ಕಡಿಮೆಯಿದ್ದವು. ಹಸಿರುಮನೆ ಅನಿಲಗಳ ಪಾಲೂ ಅಲ್ಪಪ್ರಮಾಣದಲ್ಲಿ ಇದ್ದಿತು.

ಶೈತ್ಯದ ಮರಳುವಿಕೆ: ಮಹಾ ಲವಣಾಂಶ ವ್ಯತ್ಯಯ

1960ರ ದಶಕದಲ್ಲಿ ಚಿತ್ರ ತಿರುವುಮುರುವಾಯಿತು. ಆರ್ಕ್ಟಿಕ್‌ನಿಂದ ಫ್ರಾಮ್ ಜಲಸಂಧಿಯ ಮೂಲಕ ಅಸಾಧಾರಣ ಪ್ರಮಾಣದ ಹಿಮ ದಕ್ಷಿಣಕ್ಕೆ ಹರಿದುಬಂದಿತು. ಅದು ಕರಗಿದಾಗ ಸಾಗರಕ್ಕೆ ಹೆಚ್ಚುವರಿಯಾಗಿ ಸೇರಿದ ಸಿಹಿನೀರಿನ ಪ್ರಮಾಣ ಸುಮಾರು 2,000 ಘನ ಕಿಲೋಮೀಟರುಗಳಷ್ಟೆಂದು ಅಂದಾಜು. 1968ರ ವೇಳೆಗೆ ಐಸ್‌ಲೆಂಡಿನ ಉತ್ತರಕ್ಕೆ ಕಾಣಿಸಿಕೊಂಡ ಈ ಕಡಿಮೆ ಲವಣಾಂಶದ ನೀರು ಗ್ರೀನ್‌ಲೆಂಡನ್ನು ಬಳಸಿ, ಲ್ಯಾಬ್ರಡಾರ್ ಸಮುದ್ರವನ್ನು ಹಾಯ್ದು, 1970ರ ದಶಕದ ನಡುವಿನಲ್ಲಿ ಸ್ಕಾಟ್‌ಲೆಂಡಿನ ಸಮೀಪ ಹಾದು, 1980ರ ದಶಕದ ಆರಂಭದಲ್ಲಿ ತಾನು ಹೊರಟ ಗ್ರೀನ್‌ಲೆಂಡ್ ಸಮುದ್ರಕ್ಕೇ ಮರಳಿತು. ಸುಮಾರು 14 ವರ್ಷಗಳ ಈ ಪ್ರದಕ್ಷಿಣೆಯನ್ನು ರಾಬರ್ಟ್ ಡಿಕ್ಸನ್ ಮತ್ತು ಅವರ ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಜ್ಜೆಹೆಜ್ಜೆಯಾಗಿ ಗುರುತಿಸಿದರು. ಅದಕ್ಕೆ 'ಮಹಾ ಲವಣಾಂಶ ವ್ಯತ್ಯಯ' ಎಂಬ ಹೆಸರು ಬಂದಿತು.

ಸಿಹಿನೀರು ಹಗುರ. ಅದು ಮೇಲೆ ಹರಡಿಕೊಂಡಲ್ಲಿ ತಣ್ಣಗಾದ ನೀರೂ ಸುಲಭವಾಗಿ ಮುಳುಗಲಾರದು. ಲ್ಯಾಬ್ರಡಾರ್ ಸಮುದ್ರದಲ್ಲಿ ಚಳಿಗಾಲದ ಆಳದ ಮಿಶ್ರಣವು ಕೆಲವು ವರ್ಷಗಳ ಕಾಲ ಬಹುಮಟ್ಟಿಗೆ ನಿಂತೇಹೋಯಿತು. ಐಸ್‌ಲೆಂಡಿನ ತೀರದಲ್ಲಿ 1965ರಿಂದ 1971ರವರೆಗಿನ ವರ್ಷಗಳು ಹಿಮದ ವರ್ಷಗಳೆಂದು ನೆನಪಿನಲ್ಲಿ ಉಳಿದವು. ಶೀತಜಲ ಮತ್ತು ಮಿತಿಮೀರಿದ ಮೀನುಗಾರಿಕೆಗಳ ಸಂಯುಕ್ತ ಪ್ರಹಾರದಿಂದ ಅಲ್ಲಿಯ ಹೆರಿಂಗ್ ಮೀನಿನ ಉದ್ಯಮ ಕುಸಿಯಿತು. ಧ್ರುವ ಪ್ರದೇಶವು ಸಾಗರದಿಂದ ಶಾಖವನ್ನು ಪಡೆಯುವುದು ಮಾತ್ರವಲ್ಲ, ಹಿಮ ಮತ್ತು ಸಿಹಿನೀರನ್ನು ಹೊರಗೆ ಕಳಿಸಿ ಅದೇ ಸಾಗರದ ಪರಿಚಲನೆಯನ್ನು ಬದಲಿಸಲೂ ಬಲ್ಲದು ಎಂಬುದನ್ನು ಈ ಘಟನೆ ತೋರಿಸಿತು. ಸಂಬಂಧವು ಏಕಮುಖವಾದುದಲ್ಲ.

ಎರಡನೆಯ ತಾಪನದಲ್ಲಿ ಸಾಗರದ ಪಾತ್ರ

1995ರ ನಂತರ ಉತ್ತರ ಅಟ್ಲಾಂಟಿಕ್ ತ್ವರಿತವಾಗಿ ಬೆಚ್ಚಗಾಯಿತು. ಗ್ರೀನ್‌ಲೆಂಡಿನ ದಕ್ಷಿಣ ತುದಿಯನ್ನು ಬಳಸಿ ಹರಿಯುವ ಬೆಚ್ಚನೆಯ ನೀರು 1997ರಲ್ಲಿ ಪಶ್ಚಿಮ ತೀರದ ಡಿಸ್ಕೊ ಕೊಲ್ಲಿಯನ್ನು ತಲುಪಿತು. ಅಲ್ಲಿ ಸಮುದ್ರವನ್ನು ಸೇರುವ ಯಾಕೋಬ್ಸ್‌ಹಾವ್ನ್ ಹಿಮನದಿಯ ತೇಲುವ ನಾಲಗೆಯು ಸುಮಾರು 15 ಕಿಲೋಮೀಟರ್ ಉದ್ದವಿದ್ದು, ಮುಂದಿನ ಆರು ವರ್ಷಗಳಲ್ಲಿ ಒಡೆದು ಚದುರಿಹೋಯಿತು. ಹಿಮನದಿಯ ವೇಗ ಸುಮಾರು ಇಮ್ಮಡಿಯಾಗಿ 2003ರಲ್ಲಿ ವರ್ಷಕ್ಕೆ 12 ಕಿಲೋಮೀಟರನ್ನು ಮೀರಿತು. 2016ರ ಸುಮಾರಿಗೆ ಅದೇ ಕೊಲ್ಲಿಗೆ ತಣ್ಣೀರು ಮರಳಿದಾಗ ಹಿಮನದಿಯ ವೇಗ ತಗ್ಗಿತು. ಅದರ ಮುಂಭಾಗ ದಪ್ಪವಾಗಿ, ಕೊಂಚ ಮುಂದಕ್ಕೂ ಸರಿಯಿತು. ಹಿಮನದಿಯು ಸಾಗರದ ಏರಿಳಿತಕ್ಕೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದಕ್ಕೆ ಇದು ಪ್ರಬಲ ಪುರಾವೆ. ಆದರೆ ಕಳೆದುಹೋದ ನಾಲಗೆ ಮೊದಲಿನಂತೆ ಬೆಳೆಯಲಿಲ್ಲ.

ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಚ್ಚನೆಯ ಅಟ್ಲಾಂಟಿಕ್ ನೀರಿನ ಒಳಹರಿವು ಹೆಚ್ಚಿ, ಚಳಿಗಾಲದ ಹಿಮದ ಅಂಚು ಉತ್ತರಕ್ಕೂ ಪೂರ್ವಕ್ಕೂ ಸರಿಯಿತು. ಅದರಾಚೆಗೂ, ಹಿಮವನ್ನು ಕಾಪಾಡುತ್ತಿದ್ದ ಮೇಲಿನ ತಣ್ಣನೆಯ ಪದರವು ತೆಳುವಾಗುತ್ತಿದೆಯೆಂದು ಇಗೊರ್ ಪೊಲ್ಯಕೊವ್ ಮತ್ತು ಅವರ ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಆರ್ಕ್ಟಿಕ್‌ನ ಪೂರ್ವಭಾಗವು ಕ್ರಮೇಣ ಅಟ್ಲಾಂಟಿಕ್‌ನ ಗುಣವನ್ನು ತಾಳುತ್ತಿರುವ ಈ ಪ್ರಕ್ರಿಯೆಯನ್ನು 'ಅಟ್ಲಾಂಟಿಕೀಕರಣ' ಎಂದು ಕರೆಯಲಾಗಿದೆ. ನಾನ್ಸೆನ್ ಕಂಡ ತೆರೆಯೇ ಇಲ್ಲಿ ಸವೆಯುತ್ತಿದೆ.

ಪೆಸಿಫಿಕ್ ಸಾಗರ ಮತ್ತು ದಕ್ಷಿಣ ಧ್ರುವ

ಅಟ್ಲಾಂಟಿಕ್‌ಗೆ ಇರುವಂತೆಯೇ ಪೆಸಿಫಿಕ್ ಸಾಗರಕ್ಕೂ ದಶಕಗಳ ಏರಿಳಿತವಿದೆ. ಅದಕ್ಕೆ 'ಪೆಸಿಫಿಕ್ ದಶಕೀಯ ಆಂದೋಲನ' ಎಂಬ ಹೆಸರನ್ನು 1996ರಲ್ಲಿ ಕೊಟ್ಟವರು ಮತ್ಸ್ಯ ವಿಜ್ಞಾನಿ ಸ್ಟೀವನ್ ಹೇರ್. ಅಲಾಸ್ಕಾದ ಸಾಲ್ಮನ್ ಮೀನಿನ ಏರಿಳಿತದ ಜಾಡು ಹಿಡಿದು ಅವರು ಸಾಗರದ ಏರಿಳಿತಕ್ಕೆ ತಲುಪಿದ್ದರು. 1976–77ರಲ್ಲಿ ಈ ಆಂದೋಲನವು ಹಠಾತ್ತಾಗಿ ಶೀತದಿಂದ ಉಷ್ಣ ಹಂತಕ್ಕೆ ತಿರುಗಿತು. ಅಲ್ಯೂಷಿಯನ್ ದ್ವೀಪಗಳ ಬಳಿಯ ಕಡಿಮೆ ಒತ್ತಡ ಪ್ರದೇಶವು ತೀವ್ರಗೊಂಡು, ದಕ್ಷಿಣದ ಬೆಚ್ಚನೆಯ ತೇವಗಾಳಿಯನ್ನು ಅಲಾಸ್ಕಾದ ಮೇಲೆ ಹರಿಯಿಸಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲಾಸ್ಕಾದಲ್ಲಿ ದಾಖಲಾದ ತಾಪನದ ಬಹುಪಾಲು ಆ ಒಂದು ತಿರುವಿನಲ್ಲೇ ಅಡಕವಾಗಿದೆ. ಅಂಕಿಅಂಶಗಳನ್ನು 1950ರಿಂದ 2000ದವರೆಗೆ ಒಂದೇ ಸರಳರೇಖೆಯಲ್ಲಿ ಜೋಡಿಸಿದರೆ ಈ ಸತ್ಯ ಮರೆಯಾಗುತ್ತದೆ.

ದಕ್ಷಿಣ ಧ್ರುವದ ಭೌಗೋಳಿಕ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಭೂಖಂಡವು ಮಧ್ಯದಲ್ಲಿದ್ದು ಸಾಗರ ಸುತ್ತುವರಿದಿದೆ. ದೂರದ ಸಾಗರಗಳ ಪ್ರಭಾವವು ಅಲ್ಲಿಗೆ ಬಹುಮಟ್ಟಿಗೆ ವಾಯುಮಂಡಲದ ಅಲೆಗಳ ಮೂಲಕ ತಲುಪುತ್ತದೆ. ಪಶ್ಚಿಮ ಅಂಟಾರ್ಕ್ಟಿಕದ ಅಮುಂಡ್ಸೆನ್ ಸಮುದ್ರದ ಮೇಲಿನ ಕಡಿಮೆ ಒತ್ತಡ ಪ್ರದೇಶವು ಉಷ್ಣವಲಯದ ಪೆಸಿಫಿಕ್‌ಗೆ ಸ್ಪಂದಿಸುತ್ತದೆ. ಅಲ್ಲಿಯ ಗಾಳಿಗಳು ಆಳದ ಬೆಚ್ಚನೆಯ ನೀರನ್ನು ಹಿಮಚಾಚುಗಳ ಬುಡಕ್ಕೆ ತಳ್ಳುತ್ತವೆ. ಪೈನ್ ಐಲೆಂಡ್ ಹಿಮನದಿಯ ತೇಲುಭಾಗದ ಕೆಳಗಿನ ಕೆಸರಿನ ಪದರಗಳನ್ನು ಪರೀಕ್ಷಿಸಿ ಜೇಮ್ಸ್ ಸ್ಮಿತ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಸಂದರ್ಭದಲ್ಲಿ ಅತ್ಯಂತ ಮಹತ್ವದ್ದು. 1939–42ರ ಪ್ರಬಲ ಎಲ್ ನಿನೊ ಘಟನೆಯ ತರುವಾಯ, 1940ರ ದಶಕದ ನಡುವಿನಲ್ಲಿ, ಸಮುದ್ರದ ನೀರು ಹಿಮನದಿಯ ಬುಡಕ್ಕೆ ನುಗ್ಗಿ, ಅದನ್ನು ಹಿಡಿದಿಟ್ಟಿದ್ದ ಸಾಗರತಳದ ಏಣಿನ ಹಿಂದೆ ಕುಳಿ ಮೂಡಿಸತೊಡಗಿತು. ಮುಂದೆ ಹವೆ ಮೊದಲ ಸ್ಥಿತಿಗೆ ಮರಳಿದರೂ ಹಿಮನದಿಯ ತೆಳುವಾಗುವಿಕೆ ನಿಲ್ಲಲಿಲ್ಲ. ಪ್ರಚೋದನೆಯು ತಾತ್ಕಾಲಿಕವಾಗಿತ್ತು, ಪರಿಣಾಮ ಹಾಗಿರಲಿಲ್ಲ.

ಅಂಟಾರ್ಕ್ಟಿಕ ಸುತ್ತಲಿನ ಸಾಗರ ಹಿಮದ ಇತಿಹಾಸವೂ ಅವಸರದ ತೀರ್ಮಾನಗಳಿಗೆ ಪಾಠ ಹೇಳುವಂತಹದು. 2014ರ ಸೆಪ್ಟೆಂಬರಿನಲ್ಲಿ ಅದು 2 ಕೋಟಿ ಚದರ ಕಿಲೋಮೀಟರನ್ನು ಮೀರಿ ಉಪಗ್ರಹ ದಾಖಲೆಯಲ್ಲೇ ಗರಿಷ್ಠ ಮಟ್ಟ ಮುಟ್ಟಿತು. ಜಗತ್ತು ಬಿಸಿಯಾಗುತ್ತಿಲ್ಲವೆಂಬ ವಾದಕ್ಕೆ ಆಗ ಕೆಲವರು ಇದನ್ನು ಬಳಸಿಕೊಂಡರು. ಪೆಸಿಫಿಕ್‌ನ ಶೀತ ಹಂತವು ಆ ವಿಸ್ತರಣೆಗೆ ನೆರವಾಗಿದ್ದಿತೆಂದು 2016ರಲ್ಲಿ ಜೆರಾಲ್ಡ್ ಮೀಲ್ ಮತ್ತಿತರರು ವಿವರಿಸಿದರು. ಅದೇ ವರ್ಷ ಹಿಮವು ತೀವ್ರವಾಗಿ ಕುಗ್ಗಿತು. 2023ರಲ್ಲಿ ಬೇಸಗೆ, ಚಳಿಗಾಲ ಎರಡರಲ್ಲಿಯೂ ದಾಖಲೆಯ ಕನಿಷ್ಠ ಮಟ್ಟಕ್ಕೆ ಇಳಿಯಿತು.

ಚಕ್ರವೋ, ಬಾಹ್ಯ ಪ್ರಚೋದನೆಯೋ?

ಅಟ್ಲಾಂಟಿಕ್‌ನ ಏರಿಳಿತವು ನಿಜಕ್ಕೂ ಸಾಗರದ ಒಳಗಿನಿಂದಲೇ ಹುಟ್ಟಿದ್ದೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೈಗಾರಿಕೆಗಳು ಹೊರಬಿಟ್ಟ ಗಂಧಕದ ಕಣಗಳು ಬಿಸಿಲನ್ನು ತಡೆದು 1960–90ರ ಶೀತ ಹಂತವನ್ನು ಉಂಟುಮಾಡಿದವೆಂದು ಬ್ರಿಟನ್ನಿನ ಬೆನ್ ಬೂತ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದರು. ಆ ವಿವರಣೆಯು ಸಾಗರದ ಒಳಪದರಗಳ ಅಳತೆಗಳೊಂದಿಗೆ ಹೊಂದುವುದಿಲ್ಲವೆಂದು ರೊಂಗ್ ಜಾಂಗ್ ಮತ್ತು ಸಂಗಡಿಗರು 2013ರಲ್ಲಿ ಪ್ರತಿವಾದ ಮಂಡಿಸಿದರು. ಈ ಆಂದೋಲನದ ನಾಮಕರಣದಲ್ಲಿ ಪಾತ್ರ ವಹಿಸಿದ್ದ ಮೈಕೆಲ್ ಮಾನ್ ಅವರೇ 2021ರಲ್ಲಿ, ಕಳೆದ ಸಾವಿರ ವರ್ಷಗಳ ಇಂತಹ ಏರಿಳಿತಗಳಿಗೆ ಜ್ವಾಲಾಮುಖಿ ಸ್ಫೋಟಗಳ ಕಾಲಕ್ರಮವೇ ಕಾರಣವೆಂದು ತಮ್ಮ ಹಿಂದಿನ ನಿಲುವನ್ನು ಬದಲಿಸಿಕೊಂಡರು. 'ಆಂದೋಲನ' ಎಂಬುದರ ಬದಲಿಗೆ 'ಬಹುದಶಕೀಯ ವ್ಯತ್ಯಯ' ಎಂಬ ಪದವನ್ನು ಇಂದು ಅನೇಕರು ಬಳಸುವುದಕ್ಕೆ ಈ ವಿವಾದವೇ ಹಿನ್ನೆಲೆ.

ಈ ತೊಡಕಿನ ಮೂಲ ನಮ್ಮ ದಾಖಲೆಗಳ ಅಲ್ಪಾಯುಷ್ಯದಲ್ಲಿದೆ. ಸಾಗರ ಹಿಮದ ನಿರಂತರ ಉಪಗ್ರಹ ದಾಖಲೆ ಆರಂಭವಾದದ್ದು 1979ರ ಹೊತ್ತಿಗೆ. ಅಂದರೆ ಅಟ್ಲಾಂಟಿಕ್‌ನ ಶೀತ ಹಂತದ ನಡುವೆ. ಆ ದಾಖಲೆಯ ಇತ್ತೀಚಿನ ಭಾಗ ಉಷ್ಣ ಹಂತಕ್ಕೆ ಸೇರಿದೆ. 60–70 ವರ್ಷಗಳ ಏರಿಳಿತದ ಒಂದು ಪೂರ್ಣ ಸುತ್ತನ್ನೂ ಉಪಗ್ರಹಗಳು ಇನ್ನೂ ಕಂಡಿಲ್ಲ. 1979ರಲ್ಲಿ ಸೆಪ್ಟೆಂಬರ್ ತಿಂಗಳ ಆರ್ಕ್ಟಿಕ್ ಹಿಮದ ಸರಾಸರಿ ವಿಸ್ತಾರ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇದ್ದಿತು. 2012ರ ಸೆಪ್ಟೆಂಬರಿನಲ್ಲಿ ಅದು ಒಂದು ಹಂತದಲ್ಲಿ ಸುಮಾರು 34 ಲಕ್ಷಕ್ಕೆ ಇಳಿಯಿತು. 1979ರಿಂದೀಚಿನ ಈ ಕುಗ್ಗುವಿಕೆಯಲ್ಲಿ ಶೇಕಡಾ 30ರಿಂದ 50ರಷ್ಟು ಪಾಲು ವಾಯು ಪರಿಚಲನೆಯ ನೈಸರ್ಗಿಕ ಬದಲಾವಣೆಗಳದ್ದಾಗಿರಬಹುದೆಂದು 2017ರಲ್ಲಿ ಚಿಂಗ್‌ಹುವಾ ಡಿಂಗ್ ಮತ್ತು ಸಂಗಡಿಗರು ಅಂದಾಜಿಸಿದರು. ಉಳಿದ ಪಾಲು, ಅಂದರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು, ಮಾನವ ಚಟುವಟಿಕೆಯದ್ದೆಂದೇ ಇದರ ಅರ್ಥ. 2012ರ ಕನಿಷ್ಠ ದಾಖಲೆ ಅನಂತರದ ಹನ್ನೆರಡು ವರ್ಷಗಳಲ್ಲಿ ಮುರಿಯದಿರುವುದನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಅದು ತಾಪನ ನಿಂತಿದೆಯೆಂಬುದರ ಸೂಚನೆಯಲ್ಲ. ಕುಸಿತವನ್ನು ಒಮ್ಮೆ ತ್ವರಿತಗೊಳಿಸಿದ ನಿಸರ್ಗದ ಏರಿಳಿತವು ಮತ್ತೊಮ್ಮೆ ಅದನ್ನು ನಿಧಾನಗೊಳಿಸಬಲ್ಲದು.

1920–40ರ ತಾಪನವನ್ನೂ ಇಂದಿನದನ್ನೂ ಬೇರ್ಪಡಿಸುವ ಲಕ್ಷಣಗಳು ಸ್ಪಷ್ಟವಾಗಿವೆ. ಅಂದಿನ ತಾಪನವು ಪ್ರದೇಶದಿಂದ ಪ್ರದೇಶಕ್ಕೆ ಬಹಳ ಭಿನ್ನವಾಗಿದ್ದು, ಅಟ್ಲಾಂಟಿಕ್‌ಗೆ ಹತ್ತಿರವಾದ ಭಾಗಗಳಲ್ಲಿ ವಿಶೇಷವಾಗಿ ತೀವ್ರವಾಗಿತ್ತು. ಇಂದಿನದು ಇಡೀ ಆರ್ಕ್ಟಿಕ್ ಅನ್ನು ವ್ಯಾಪಿಸಿದೆ. 1979ರಿಂದ ಆ ಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬೆಚ್ಚಗಾಗಿದೆಯೆಂದು 2022ರ ಅಧ್ಯಯನವೊಂದು ತೋರಿಸಿದೆ. ಅಂದು ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 305 ಭಾಗಗಳಷ್ಟಿದ್ದಿತು. 2024ರಲ್ಲಿ ಅದು 420ನ್ನು ಮೀರಿತು. ಅಲೆಯು ಏಳುವುದು ಬೀಳುವುದು ಎರಡೂ ನಿಜ. ಆದರೆ ಈಗ ಅಲೆಯನ್ನು ಹೊತ್ತ ಕಡಲಿನ ಮಟ್ಟವೇ ಏರಿದೆ. ಮುಂದೆ ಅಟ್ಲಾಂಟಿಕ್ ಶೀತ ಹಂತಕ್ಕೆ ತಿರುಗಿದರೂ 1970ರ ಆರ್ಕ್ಟಿಕ್ ಮರಳಿ ಬರುವುದೆಂದು ನಿರೀಕ್ಷಿಸುವಂತಿಲ್ಲ.

ಭಾರತೀಯ ವೀಕ್ಷಣೆಗಳ ಸ್ಥಾನ

ಈ ಅಧ್ಯಯನದಲ್ಲಿ ಭಾರತವೂ ಪಾಲ್ಗೊಂಡಿದೆ. ಸ್ವಾಲ್‌ಬಾರ್ಡಿನ ನ್ಯೂ-ಓಲೆಸುಂಡ್ ಎಂಬಲ್ಲಿ 'ಹಿಮಾದ್ರಿ' ಸಂಶೋಧನಾ ಕೇಂದ್ರವು 2008ರ ಜುಲೈನಲ್ಲಿ ಆರಂಭವಾಯಿತು. ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ಅದನ್ನು ನಿರ್ವಹಿಸುತ್ತದೆ. ಆ ಊರಿನ ಮುಂದಿರುವ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲ ಚಾಚು, ಅಟ್ಲಾಂಟಿಕ್‌ನ ನೀರು ಆರ್ಕ್ಟಿಕ್ ಅನ್ನು ಪ್ರವೇಶಿಸುವ ದಾರಿಯ ಪಕ್ಕದಲ್ಲೇ ಇದೆ. 2006ರ ಚಳಿಗಾಲದಲ್ಲಿ ಬೆಚ್ಚನೆಯ ನೀರು ಒಳನುಗ್ಗಿದ ಮೇಲೆ ಅಲ್ಲಿ ಚಳಿಗಾಲದ ಹಿಮ ಬಹಳ ಕಡಿಮೆಯಾಗಿದೆ. 2014ರ ಜುಲೈನಲ್ಲಿ ಭಾರತೀಯ ವಿಜ್ಞಾನಿಗಳು 'ಇಂಡಾರ್ಕ್' ಎಂಬ ಉಪಕರಣ ಸಮೂಹವನ್ನು ಅಲ್ಲಿ ಸುಮಾರು 190 ಮೀಟರ್ ಆಳದ ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸಿದರು. ಹಡಗುಗಳು ಸುಲಭವಾಗಿ ತಲುಪಲಾರದ ಚಳಿಗಾಲದಲ್ಲಿಯೂ ನೀರಿನ ಉಷ್ಣಾಂಶ ಮತ್ತು ಲವಣಾಂಶಗಳನ್ನು ದಾಖಲಿಸುವುದು ಇದರ ವಿಶೇಷ.

ಇದು ಕೇವಲ ದೂರದ ಕುತೂಹಲವಲ್ಲ. ಉತ್ತರ ಅಟ್ಲಾಂಟಿಕ್‌ನ ಉಷ್ಣಾಂಶವು ಭಾರತದ ಮುಂಗಾರಿನ ಮೇಲೆ ಪ್ರಭಾವ ಬೀರುವ ಭೌತಿಕ ಕ್ರಮವೊಂದನ್ನು ಬಿ. ಎನ್. ಗೋಸ್ವಾಮಿ ಮತ್ತು ಅವರ ಸಹಲೇಖಕರು 2006ರಲ್ಲಿ ಪ್ರತಿಪಾದಿಸಿದರು. ಸ್ವಾಲ್‌ಬಾರ್ಡಿನ ಹಿಮವನ್ನು ಹಿಂದಕ್ಕೆ ತಳ್ಳುವ ಸಾಗರವೇ ನಮ್ಮ ಮಳೆಯ ದಶಕಗಳ ಏರಿಳಿತದಲ್ಲಿಯೂ ಪಾಲುದಾರನಾಗಿರುವ ಸಾಧ್ಯತೆಯಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಧ್ರುವ ಪ್ರದೇಶದ ಯಾವುದೇ ಒಂದು ದಶಕದ ಏರಿಕೆಯನ್ನಾಗಲೀ ಇಳಿಕೆಯನ್ನಾಗಲೀ ಶಾಶ್ವತ ಪ್ರವೃತ್ತಿಯೆಂದು ಭಾವಿಸಲಾಗದು; ಅದರಲ್ಲಿ ಸಾಗರದ ಪಾಲೆಷ್ಟೆಂಬುದನ್ನು ಮೊದಲು ಕಳೆದು ನೋಡಬೇಕು. ಎರಡನೆಯದಾಗಿ, ಹಾಗೆ ಕಳೆದ ಮೇಲೆಯೂ ಉಳಿಯುವ ತಾಪನವು ಸ್ಪಷ್ಟವಾಗಿದ್ದು, ಅದರ ಹೊಣೆ ಮಾನವನದು. ಮೂರನೆಯದಾಗಿ, ಸಾಗರದ ಏರಿಳಿತ ಹಿಂದಿರುಗುವಂತಹದಾದರೂ ಅದರ ಫಲಗಳು ಹಿಂದಿರುಗಬೇಕೆಂದಿಲ್ಲ. ಯಾಕೋಬ್ಸ್‌ಹಾವ್ನ್‌ನ ಒಡೆದ ನಾಲಗೆ, ಪೈನ್ ಐಲೆಂಡ್‌ನ ಸಡಿಲಗೊಂಡ ಬುಡ, ಪಶ್ಚಿಮ ಗ್ರೀನ್‌ಲೆಂಡಿನ ಕಾಡ್ ಮೀನಿನ ಸಂಪತ್ತು ಇವೆಲ್ಲವೂ ಈ ಮಾತಿಗೆ ಸಾಕ್ಷಿಯಾಗಿವೆ. ಬಿಸಿಯಾಗುತ್ತಿರುವ ಜಗತ್ತಿನಲ್ಲಿ ಬರುವ ಪ್ರತಿಯೊಂದು ಉಷ್ಣ ಹಂತವೂ ಹಿಂದಿನದಕ್ಕಿಂತ ಎತ್ತರದ ಮೆಟ್ಟಿಲಿನಿಂದ ಆರಂಭವಾಗುತ್ತದೆ. ಆದುದರಿಂದ ಅದು ಮುಟ್ಟುವ ಹಿಮವೂ ಹೆಚ್ಚು.

ಕೋಲಾ ರೇಖೆಯಲ್ಲಿ 1900ರಲ್ಲಿ ಅಳತೆ ಆರಂಭಿಸಿದವರಿಗೆ ತಮ್ಮ ಅಂಕಿಗಳು ಯಾವ ಪ್ರಶ್ನೆಗೆ ಉತ್ತರವಾಗುವುವೆಂದು ತಿಳಿದಿರಲಿಲ್ಲ. ಎರಡು ದಶಕಗಳ ತರುವಾಯ ಕ್ನಿಪೊವಿಚ್ ಅವರಿಗೂ, ಒಂದು ಶತಮಾನದ ತರುವಾಯ ನಮಗೂ ಅವೇ ಆಧಾರವಾದವು. ದೀರ್ಘಾವಧಿಯ ಏರಿಳಿತವನ್ನು ಅರಿಯಲು ದೀರ್ಘಾವಧಿಯ ದಾಖಲೆಯ ಹೊರತು ಅನ್ಯ ಮಾರ್ಗವಿಲ್ಲ. ಇಂದು ಕಾಂಗ್ಸ್‌ಫ್ಯೋರ್ಡಿನ ಆಳದಲ್ಲಿ ದಾಖಲಾಗುತ್ತಿರುವ ಅಂಕಿಗಳನ್ನೂ ಇದೇ ಶ್ರದ್ಧೆಯಿಂದ, ನಡುವೆ ಕಡಿಯದಂತೆ ಮುಂದುವರಿಸಿಕೊಂಡು ಹೋಗುವುದು ನಮ್ಮ ಸಂಶೋಧನಾ ಸಂಸ್ಥೆಗಳ ಹೊಣೆಯಾಗಿದೆ.